ಎಡಗಡೆಯ ಸೀಟು

ಆ ದೊಡ್ಡ ಶೆಡ್ಡಿನಲ್ಲಿ ಹಾರುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಆರು ಉಕ್ಕಿನ ಕಾಲುಗಳ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ. ಒಳಗೆ ಹೋಗಿ ಕೂತವರಿಗೆ ಅದು ವಿಮಾನದ ಮೂತಿ: ಎರಡು ಸೀಟು, ನೂರಾರು ಗುಂಡಿ, ಗಾಜಿನಾಚೆ ರನ್‌ವೇ, ಮೋಡ, ಮಂಜು, ಬೇಕೆಂದರೆ ಬಿರುಗಾಳಿ. ಹೊರಗೆ ನಿಂತು ನೋಡಿದವರಿಗೆ ಮಾತ್ರ ಒಂದು ಪೆಟ್ಟಿಗೆ ತನ್ನಷ್ಟಕ್ಕೆ ತೂಕಡಿಸುತ್ತ, ಮುಗ್ಗರಿಸುತ್ತ, ಒಮ್ಮೊಮ್ಮೆ ಬಿಕ್ಕಳಿಸುತ್ತ ಇರುವಂತೆ ಕಾಣುತ್ತಿತ್ತು. ಅದರ ಕಾಲುಗಳ ಎಣ್ಣೆ ನೋಡಿಕೊಳ್ಳುವ ಮೆಕ್ಯಾನಿಕ್ಕನನ್ನು ಎಲ್ಲರೂ ಎಣ್ಣೆ ಮಾಮ ಎಂದೇ ಕರೆಯುತ್ತಿದ್ದರು.

"ಇಪ್ಪತ್ತು ವರ್ಷದಿಂದ ಹಾರ್ತಾನೇ ಇದೆ ನೋಡಿ, ಇನ್ನೂ ಈ ಶೆಡ್ಡಿನ ಬಾಗಿಲು ದಾಟಿಲ್ಲ" ಎನ್ನುವುದು ಅವನ ಹಳೆಯ ಜೋಕು. ಹೊಸಬರು ನಗುತ್ತಿದ್ದರು. ಗುಬ್ಬಿ ಮೊದಲನೆಯ ವರ್ಷ ನಕ್ಕಳು. ಎರಡನೆಯ ವರ್ಷ ನಗಲಿಲ್ಲ.

ಗುಬ್ಬಿ ಎನ್ನುವುದು ಅಪ್ಪ ಇಟ್ಟ ಹೆಸರು. ಅಪ್ಪ ಊರಿನ ಬಸ್ಸು ಓಡಿಸುತ್ತಿದ್ದವನು. ಶಾಲೆಗೆ ರಜೆ ಇದ್ದಾಗ ಮಗಳನ್ನು ಮುಂದಿನ ಕಿಟಕಿಯ ಪಕ್ಕ ಕೂರಿಸಿಕೊಂಡು ಹೋಗುತ್ತಿದ್ದ. ಅವಳು ಗಾಜಿಗೆ ಮೂಗು ಒತ್ತಿಕೊಂಡು, ಬರುವ ಪ್ರತಿ ನಿಲ್ದಾಣದ ಹೆಸರನ್ನೂ ಮೊದಲೇ ಕೂಗಿ ಹೇಳುತ್ತಿದ್ದಳು. "ಕಿಟಕಿ ಸಿಕ್ಕಿದ್ರೆ ಸಾಕು, ಚಿಲಿಪಿಲಿ ಶುರು" ಎಂದು ಕಂಡಕ್ಟರ್ ರೇಗಿಸುತ್ತಿದ್ದ. ಮುಂದೆ ಬರುವುದನ್ನು ಮೊದಲೇ ನೋಡಿ ಕೂಗಿ ಹೇಳುವ ಆ ಚಾಳಿಯೇ ದೊಡ್ಡವಳಾದ ಮೇಲೆ ಅವಳ ಕೆಲಸವಾಯಿತು. ಕೆಲಸ ಎಂದರೆ ಕೆಲಸ, ಅಷ್ಟೇ. ಸಂಬಳ ಇರಲಿಲ್ಲ.

ವಿಮಾನ ಓಡಿಸಲು ಲೈಸೆನ್ಸು ಇದ್ದರೆ ಸಾಲದು ಎಂಬುದು ಅವಳ ಮನೆಯವರಿಗೆ ತಡವಾಗಿ ತಿಳಿದ ಸಂಗತಿ. ಸಣ್ಣ ವಿಮಾನದಲ್ಲಿ ಕಲಿತು, ಪರೀಕ್ಷೆಗಳನ್ನೆಲ್ಲ ಮುಗಿಸಿ, ಲೈಸೆನ್ಸು ಕೈಗೆ ಬಂದ ದಿನ ಅಪ್ಪ ಅದನ್ನು ತನ್ನ ಬಸ್ಸಿನ ಲೈಸೆನ್ಸಿನ ಪಕ್ಕದಲ್ಲಿಟ್ಟು ನೋಡಿದ್ದ. ಆದರೆ ಜನರನ್ನು ಕೂರಿಸಿಕೊಂಡು ಹಾರುವ ದೊಡ್ಡ ವಿಮಾನಗಳಿಗೆ ಮಾದರಿಗೊಂದು ಬೇರೆ ಸರ್ಟಿಫಿಕೇಟು ಬೇಕು. ಅದನ್ನು ರೇಟಿಂಗ್ ಎನ್ನುತ್ತಾರೆ. ಅದರ ತರಬೇತಿ ನಡೆಯುವುದು ಇಂಥ ಪೆಟ್ಟಿಗೆಯಲ್ಲಿ. ಪಡೆದರೂ ಅದರ ಆಯುಸ್ಸು ಒಂದೇ ವರ್ಷ. ವರ್ಷ ತುಂಬುವುದರೊಳಗೆ ಮತ್ತೆ ಪೆಟ್ಟಿಗೆಯಲ್ಲಿ ಪರೀಕ್ಷೆ ಕೊಡಬೇಕು. ಕೊಡದಿದ್ದರೆ ಕೈಯಲ್ಲಿರುವುದು ಬರೀ ಕಾಗದ.

ವಿಮಾನ ಕಂಪನಿ ಅವಳನ್ನು ಆರಿಸಿಕೊಂಡಾಗ ಬಂದ ಮೊದಲ ಪತ್ರದಲ್ಲಿ ರೇಟಿಂಗಿನ ಖರ್ಚು ಕಂಪನಿಯದು ಎಂದಿತ್ತು. ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ನನ್ನ ಲೈಸೆನ್ಸು ರಿನ್ಯೂ ಮಾಡಿಸ್ತಿದ್ದಿದ್ದೂ ಡಿಪೋದವ್ರೇ. ಕಣ್ಣಿನ ಪರೀಕ್ಷೆಗೂ ಅವ್ರೇ ಕಳಿಸ್ತಿದ್ರು. ಬಸ್ಸು ಅವರದು, ಜನ ಅವರ ಜನ. ಮತ್ತಿನ್ಯಾರು ಕೊಡ್ತಾರೆ?" ಎಂದ.

ನಾಲ್ಕು ತಿಂಗಳ ಮೇಲೆ ಎರಡನೆಯ ಪತ್ರ ಬಂತು. ಹೊಸ ವಿಮಾನಗಳು ಬರುವುದು ತಡವಾಗಿದೆ, ನೇಮಕಾತಿ ನಿಧಾನವಾಗಿದೆ, ಆದ್ದರಿಂದ ರೇಟಿಂಗಿನ ಖರ್ಚನ್ನು ಸದ್ಯಕ್ಕೆ ಅಭ್ಯರ್ಥಿಗಳೇ ಭರಿಸತಕ್ಕದ್ದು. ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಅದನ್ನು ಹಿಂದಿರುಗಿಸುವುದನ್ನು ಪರಿಗಣಿಸಲಾಗುವುದು. ಅಪ್ಪ ಆ ಕೊನೆಯ ಸಾಲನ್ನು ಎರಡು ಸಲ ಓದಿಸಿದ.

"ಪರಿಗಣಿಸಲಾಗುವುದು ಅಂದ್ರೆ ಏನೇ?"

"ಯೋಚನೆ ಮಾಡ್ತಾರಂತೆ ಅಪ್ಪ."

"ಯೋಚನೆ ಮಾಡೋಕೆ ನಮ್ಮ ದುಡ್ಡು ಬೇಕಾ?"

ಆ ವಾರವೇ ತರಬೇತಿ ಕೇಂದ್ರದ ಕ್ಯಾಪ್ಟನ್ ತಾವಾಗಿ ಅವರ ಮನೆಗೆ ಬಂದರು. ಕೂದಲು ಬೆಳ್ಳಗಾದ, ಮಾತು ಮೆತ್ತಗಿದ್ದ ಮನುಷ್ಯ. ಚಪ್ಪಲಿ ಬಿಡುವ ಜಾಗದಲ್ಲಿ ತಮ್ಮ ಬೂಟುಗಳನ್ನು ಜೋಡಿಸಿಟ್ಟು ಒಳಗೆ ಬಂದರು. ಅಪ್ಪನನ್ನು "ಅಣ್ಣಾವ್ರೇ, ನೀವೂ ಡ್ರೈವರು, ನಾನೂ ಡ್ರೈವರು" ಎಂದರು. ಗುಬ್ಬಿಯನ್ನು ಮಗಳೇ ಎಂದರು. ಕೊಟ್ಟ ಚಹಾವನ್ನು ಪೂರ್ತಿ ಕುಡಿದರು.

"ವಿಮಾನ ಏರುವಾಗ ಓಟದಲ್ಲಿ ಒಂದು ವೇಗ ಬರುತ್ತೆ ಅಣ್ಣಾವ್ರೇ. ಅದಕ್ಕೆ ಮುಂಚೆ ಏನಾದ್ರೂ ಕೆಟ್ಟರೆ ನಿಲ್ಲಿಸಬಹುದು. ಅದು ದಾಟಿದ್ಮೇಲೆ ಎಂಜಿನ್ನಿಗೆ ಬೆಂಕಿ ಬಿದ್ರೂ ಏರಲೇಬೇಕು, ನಿಲ್ಲಿಸೋಕೆ ರಸ್ತೆ ಉಳಿದಿರಲ್ಲ. ನಿಮ್ಮ ಮಗಳು ಆ ವೇಗ ದಾಟಿದ್ದಾಳೆ. ಈಗ ನಿಲ್ಲಿಸಿದ್ರೆ ಇಲ್ಲಿವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ."

ಅಪ್ಪ ಬಾಯಿ ತೆರೆದವನು ಮಗಳ ಮುಖ ನೋಡಿ ಖಾಲಿ ಲೋಟ ಎತ್ತಿಕೊಂಡ. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಹೇಳಿದಳು: "ನಾನು ಕೊಡ್ತೀನಿ."

ಅಕ್ಕ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವವಳು. ಹದಿನಾಲ್ಕು ವರ್ಷ ಇನ್ನೊಬ್ಬರ ಅಂಗಡಿಯ ಹಿಂಗೋಣೆಯಲ್ಲಿ ಕೂತು ಊರಿನ ಅರ್ಧ ಜನರಿಗೆ ಕಣ್ಣು ಕೊಟ್ಟವಳು. ರಸ್ತೆಯ ತಿರುವಿನಲ್ಲಿ ಒಂದು ಪುಟ್ಟ ಕೋಣೆ ನೋಡಿಟ್ಟುಕೊಂಡಿದ್ದಳು, ತನ್ನದೇ ಅಂಗಡಿ ತೆರೆಯಲು. ಬೋರ್ಡು ಕೂಡ ಬರೆಸಿ ಆಗಿತ್ತು: ದಪ್ಪ ಪ್ಲೈವುಡ್ಡಿನ ಮೇಲೆ ನೀಲಿ ಅಕ್ಷರ, ಕೆಳಗೆ ಒಂದು ಕನ್ನಡಕದ ಚಿತ್ರ. ಆ ಕೋಣೆಯ ಮುಂಗಡಕ್ಕೆಂದು ಇಟ್ಟದ್ದು ಗುಬ್ಬಿಯ ರೇಟಿಂಗಿಗೆ ಹೋಯಿತು. ಕೋಣೆಗೆ ಯಾರೋ ಬೀಗದ ಕೈ ಮಾಡುವವನು ಬಂದ. ಮನೆಯಲ್ಲಿ ಇಸ್ತ್ರಿ ಮಾಡಲು ಮೇಜು ಇರಲಿಲ್ಲವಾದ್ದರಿಂದ, ಬೋರ್ಡನ್ನು ಅಕ್ಷರ ಕೆಳಮುಖವಾಗುವಂತೆ ಎರಡು ಸ್ಟೂಲುಗಳ ಮೇಲಿಟ್ಟು, ಮೇಲೊಂದು ಹಳೆಯ ಚಾದರ ಹಾಸಿದರು. ಒಳ್ಳೆಯ ಇಸ್ತ್ರಿ ಮೇಜಾಯಿತು.

ರೇಟಿಂಗ್ ಬಂತು. ಕೆಲಸ ಬರಲಿಲ್ಲ. "ಪಟ್ಟಿಯಲ್ಲಿ ಇದ್ದೀರಿ" ಎಂದು ಕಂಪನಿಯವರು ಫೋನಿನಲ್ಲಿ ಹೇಳಿದರು. ಎಷ್ಟು ಜನರ ಪಟ್ಟಿ, ಎಷ್ಟನೆಯ ಹೆಸರು ಎಂದು ಕೇಳಿದರೆ ಫೋನು ಸಂಗೀತ ನುಡಿಸುತ್ತಿತ್ತು.

ಆಗ ಕ್ಯಾಪ್ಟನ್ ಒಂದು ದಾರಿ ತೋರಿಸಿದರು. ಪೆಟ್ಟಿಗೆಯಲ್ಲಿ ಒಬ್ಬರೇ ಕೂತು ಕಲಿಯುವಂತಿಲ್ಲ, ಇಬ್ಬರು ಬೇಕು. ಹೊಸಬರು ಕೂರುವುದು ಬಲಗಡೆ, ಸಹಪೈಲಟ್ಟನ ಸೀಟಿನಲ್ಲಿ. ಜೋಡಿ ಸಿಗದೆ ಒಬ್ಬರೇ ಬಂದಾಗ ಎಡಗಡೆಯ ದೊಡ್ಡ ಪೈಲಟ್ಟನ ಸೀಟು ಖಾಲಿ ಬೀಳುತ್ತದೆ. ಅದರಲ್ಲಿ ಯಾರಾದರೂ ತಿಳಿದವರು ಕೂತು, ಮೀಟರು ನೋಡುತ್ತ ವೇಗ ಕೂಗಿ, ಚಕ್ರ ಎತ್ತಿ, ಮಾಡಬೇಕಾದ್ದರ ಪಟ್ಟಿ ಓದಿ ನೆರವಾಗಬೇಕು. ಅಂಥ ಕೂರುವಿಕೆಯನ್ನು ಕೂತವರ ಸ್ವಂತ ಪರೀಕ್ಷೆ ಎಂದು ಬರೆಯುವುದಿಲ್ಲ.

"ನೀನು ಎಡಗಡೆ ಕೂತ್ಕೋ ಮಗಳೇ. ಸಂಬಳ ಕೊಡೋಕೆ ನನ್ನ ಕೈಲಾಗಲ್ಲ. ಆದ್ರೆ ವರ್ಷಕ್ಕೊಂದು ಸಲ ಪೆಟ್ಟಿಗೆ ನಿಂದು. ನಿನ್ನ ಪರೀಕ್ಷೆ ನಾನು ಮಾಡಿಸ್ತೀನಿ. ರೇಟಿಂಗ್ ಸಾಯೋಕೆ ಬಿಡಲ್ಲ."

ಮೊದಲನೆಯ ವರ್ಷ ಅವರು ಮಾತು ಉಳಿಸಿಕೊಂಡರು. ಎರಡು ಗಂಟೆ ಪೆಟ್ಟಿಗೆ ಅವಳದಾಯಿತು, ಕಾಗದದ ಮೇಲೆ ಇನ್ನೊಂದು ವರ್ಷ ಬಂತು. ಹಾಗಾಗಿಯೇ ಎರಡನೆಯ ವರ್ಷ ಅವಳು ಯಾವುದನ್ನೂ ಕೇಳಲಿಲ್ಲ. ಒಮ್ಮೆ ಕೊಟ್ಟ ಕೈಯನ್ನು ಮತ್ತೆ ಮತ್ತೆ ಬಿಡಿಸಿ ನೋಡುವ ಸ್ವಭಾವ ಆ ಮನೆಯವರಿಗಿರಲಿಲ್ಲ.

ಕೂರುವಾಗ ಹಾಕಿಕೊಳ್ಳಲೆಂದು ಕ್ಯಾಪ್ಟನ್ ಅವಳಿಗೊಂದು ಬಿಳಿ ಅಂಗಿ ಕೊಟ್ಟಿದ್ದರು. ಹೆಗಲ ಪಟ್ಟಿಗಳ ಮೇಲೆ ಬಂಗಾರದ ಬಣ್ಣದ ಎರಡೆರಡು ಗೆರೆ. "ಬಲಗಡೆ ಕೂತವರಿಗೆ ನಿಜ ಅನ್ನಿಸಬೇಕಲ್ಲ" ಎಂದಿದ್ದರು. ಒಂದು ದಿನ ಅದನ್ನು ಹಾಕಿಸಿ ಫೋಟೋ ತೆಗೆಸಿದರು, ಕಡತಕ್ಕೆ ಬೇಕು ಎಂದು. ಅಕ್ಕ ವಾರಕ್ಕೆರಡು ಸಲ ಆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅಂಗಡಿಯಲ್ಲಿ ಗಾಜಿನ ಅಂಚನ್ನು ಹೇಗೆ ಬೆರಳಲ್ಲಿ ಸವರಿ ನೋಡುತ್ತಿದ್ದಳೋ ಹಾಗೆ ಕಾಲರಿನ ಅಂಚನ್ನೂ ಸವರಿ ನೋಡುತ್ತಿದ್ದಳು. "ಇದು ನಿಜವಾದ್ದಾದ ದಿನ ನಾನು ಇಸ್ತ್ರಿ ಮಾಡಲ್ಲ, ನೀನೇ ದುಡ್ಡು ಕೊಟ್ಟು ಮಾಡಿಸ್ಕೋ" ಎನ್ನುತ್ತಿದ್ದಳು.

ಎಡಗಡೆಯ ಸೀಟಿನಲ್ಲಿ ಗುಬ್ಬಿ ಎತ್ತಿದ ಕೈ ಎನಿಸಿಕೊಂಡಳು. ಅಂಜುವವರಿಗೆ ದನಿ ತಗ್ಗಿಸಿ, ಅವಸರದವರಿಗೆ ದನಿ ಎಳೆದು, ಅವಳು ವೇಗ ಕೂಗುತ್ತಿದ್ದಳು. ಓಟದಲ್ಲಿ ಏನಾದರೂ ಕೆಟ್ಟರೆ "ನಿಲ್ಲಿಸು" ಎನ್ನುವ ಹಕ್ಕು ಎಡಗಡೆಯವರದು. ಬಲಗಡೆ ಕೂತವರು ಎಷ್ಟು ಜಾಣರಾದರೂ ಆ ಮಾತು ಅವರದಲ್ಲ. ಅದು ಆ ಕಸುಬಿನ ಕಟ್ಟುನಿಟ್ಟು. ಅವಳು ಅದನ್ನು ಗಾಜಿನಾಚೆ ಚಿತ್ರದ ರನ್‌ವೇ ಮೇಲೆ ನೂರು ಸಲ ಹೇಳಿದ್ದಳು. ಹೊರಗಿನ ಬದುಕಿನಲ್ಲಿ ಅದೇ ಮಾತನ್ನು ಹೇಳಬೇಕಾದೀತು ಎಂದು ಎಣಿಸಿರಲಿಲ್ಲ.

ಒಮ್ಮೆ ಹಜಾರದಲ್ಲಿ ಯಾರದೋ ತಂದೆ ಅವಳ ಹೆಗಲು ನೋಡಿ, "ನೀವು ಕಂಪನೀಲೇ ಇದ್ದೀರಾ ತಾಯಿ?" ಎಂದು ಕೇಳಿದ್ದರು. "ಹ್ಞೂಂ, ಇನ್ನೇನು" ಎಂದು ನಕ್ಕು ಮುಂದೆ ಹೋಗಿದ್ದಳು. ಇನ್ನೇನು ಸೇರುತ್ತೇನೆ ಎಂಬುದು ಅವಳ ಮನಸ್ಸಿನಲ್ಲಿದ್ದ ಅರ್ಥ. ಅವರಿಗೆ ಯಾವ ಅರ್ಥ ಕೇಳಿಸಿತು ಎಂದು ಆಗ ಯೋಚಿಸಿರಲಿಲ್ಲ.

ಎರಡನೆಯ ವರ್ಷ ತುಂಬುವುದು ತಿಂಗಳ ಕೊನೆಯ ಗುರುವಾರ. ಶುಕ್ರವಾರದಿಂದ ಹತ್ತು ದಿನ ಎಣ್ಣೆ ಮಾಮನ ಕೆಲಸ: ಪೆಟ್ಟಿಗೆಯ ಕಾಲು ಬಿಚ್ಚಿ ರಿಪೇರಿ. ಗುರುವಾರ ಎರಡು ಗಂಟೆಯಿಂದ ನಾಲ್ಕರವರೆಗೆ ಪೆಟ್ಟಿಗೆ ಅವಳದು ಎಂದು ಗೋಡೆಯ ಹಾಳೆಯಲ್ಲಿ ಬರೆದಿತ್ತು. ಉಳಿದವರ ಹೆಸರುಗಳೆಲ್ಲ ಶಾಯಿಯಲ್ಲಿದ್ದವು, ಅವಳದು ಪೆನ್ಸಿಲಿನಲ್ಲಿತ್ತು. ನೋಡಿದ್ದಳು. ಪೆನ್ನು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಿದ್ದಳು.

ಗುರುವಾರ ಒಂದು ಗಂಟೆಗೆ ಹೋಗಿ ನೋಡಿದರೆ ಪೆನ್ಸಿಲಿನ ಜಾಗದಲ್ಲಿ ಶಾಯಿಯ ಬೇರೆ ಹೆಸರು. ರಬ್ಬರು ಉಜ್ಜಿದ ಕಡೆ ಹಾಳೆ ತೆಳ್ಳಗಾಗಿತ್ತು.

"ಸರ್, ಎರಡು ಗಂಟೆ ನಂದಲ್ವಾ?"

ಕ್ಯಾಪ್ಟನ್ ಕನ್ನಡಕ ತೆಗೆದು ಒರೆಸಿದರು. "ನಿಂದೇ ಮಗಳೇ, ಯಾರು ಇಲ್ಲ ಅಂದ್ರು? ಒಂದು ಸಣ್ಣ ಬದಲಾವಣೆ. ಈ ಹುಡುಗಿದು ಅರ್ಧ ತರಬೇತಿ ಮುಗಿದಿದೆ. ಇವತ್ತು ಅವರಮ್ಮನೂ ಬಂದಿದ್ದಾರೆ, ಉಳಿದರ್ಧದ ದುಡ್ಡಿಗೆ ಸಹಿ ಹಾಕಬೇಕು. ಜೋಡಿ ಇಲ್ಲ. ನೀನು ಎಡಗಡೆ ಕೂತು ಇದೊಂದು ಮುಗಿಸ್ಕೊಡು. ನಾಲ್ಕು ಗಂಟೆಗೆ ನಿನ್ನದು ಮಾಡೋಣ."

"ನಾಲ್ಕಕ್ಕೆ ಖಂಡಿತ ತಾನೇ ಸರ್? ಇವತ್ತೇ ಕೊನೇ ದಿನ."

"ನಾನು ಮರೀತೀನಾ?"

ಹಜಾರದಲ್ಲಿ ತಾಯಿ ಮಗಳು ಕೂತಿದ್ದರು. ಹುಡುಗಿಯ ಪಕ್ಕ ಗುಬ್ಬಿ ಹಿಂದೆಯೂ ಕೂತಿದ್ದಳು, ತಾಯಿಯೊಡನೆ ಮಾತಾಡಿದ್ದು ಇದೇ ಮೊದಲು. ತಾಯಿ ಹೆಂಗಸರ ಕೂದಲು ಕತ್ತರಿಸುವ ಸಣ್ಣ ಅಂಗಡಿ ನಡೆಸುವವಳು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಗಟ್ಟಿಯಾದ ಗಂಟಿತ್ತು. ಎದ್ದು ನಿಂತು ಗುಬ್ಬಿಯ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಹುಡುಗಿನ ಸ್ವಲ್ಪ ನೋಡ್ಕೊಳ್ಳಮ್ಮ. ಮನೇಲಿ ಬಾಯಿ ಜೋರು, ಇಲ್ಲಿ ಬಂದ್ರೆ ಹೊಟ್ಟೇಲಿ ಚಿಟ್ಟೆ ಅಂತಾಳೆ."

"ಅಮ್ಮಾ!" ಎಂದಳು ಹುಡುಗಿ.

"ಏನು ಅಮ್ಮಾ? ಚಿಟ್ಟೆ ಅಂದಿದ್ದು ನೀನೇ."

ಮೂವರೂ ಒಳಗೆ ಹೋದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಸೇರಿದ ಸಣ್ಣ ಸೇತುವೆ ಮೇಲೆದ್ದಿತು. ಒಳಗೆ ಎಂದಿನ ತಣ್ಣನೆಯ ಗಾಳಿ, ಹಳೆಯ ಕಾರ್ಪೆಟ್ಟಿನ ವಾಸನೆ. ಬಲಗಡೆ ಹುಡುಗಿ, ಎಡಗಡೆ ಗುಬ್ಬಿ, ಹಿಂದೆ ತಮ್ಮ ಫಲಕದ ಮುಂದೆ ಕ್ಯಾಪ್ಟನ್. ಮೊದಲನೆಯ ಓಟದಲ್ಲೇ ಅವರು ಗುಂಡಿ ಒತ್ತಿ ಎಂಜಿನ್ನಿಗೆ ಬೆಂಕಿ ಕೊಟ್ಟರು. ವೇಗ ಇನ್ನೂ ಕಡಿಮೆಯಿತ್ತು. "ನಿಲ್ಲಿಸು" ಎಂದು ಗುಬ್ಬಿ ಕೂಗಿ ಬ್ರೇಕು ಒತ್ತಿದಳು. ಪೆಟ್ಟಿಗೆ ಮುಂದಕ್ಕೆ ಮುಗ್ಗರಿಸಿ ನಿಂತಿತು. ಎರಡನೆಯ ಓಟದಲ್ಲಿ ಆ ವೇಗ ದಾಟಿದ ಮೇಲೆ ಬೆಂಕಿ. ಹುಡುಗಿಯ ಕಾಲು ಬ್ರೇಕಿನ ಕಡೆ ಹೋಯಿತು. "ನಾನಿದ್ದೀನಿ, ಎತ್ತು" ಎಂದಳು ಗುಬ್ಬಿ. ಹುಡುಗಿ ಎತ್ತಿದಳು. ಒಂದೇ ಎಂಜಿನ್ನಿನಲ್ಲಿ ಊರು ಸುತ್ತಿ, ಮಂಜಿನಲ್ಲಿ ಇಳಿಸಿದಳು. ಚೆನ್ನಾಗಿಯೇ ಇಳಿಸಿದಳು. ಗುಬ್ಬಿಗೆ ತನ್ನದೇ ಮಗು ನಡೆದಂತೆ ಹಿಗ್ಗಾಯಿತು.

ಮುಗಿದ ಕೂಡಲೇ ಕ್ಯಾಪ್ಟನ್ ಫೋನು ಹಿಡಿದು ಇಳಿದು ಹೋದರು. ಹುಡುಗಿ ಸೀಟಿನಲ್ಲೇ ಒರಗಿ ಉಸಿರು ಬಿಟ್ಟಳು.

"ಮೇಡಂ, ನಿಮ್ಮ ಮೊದಲನೇ ನಿಜವಾದ ಫ್ಲೈಟಿನಲ್ಲೂ ಹೀಗೇ ಕಾಲು ಬ್ರೇಕಿನ ಕಡೆ ಹೋಗಿತ್ತಾ?"

"ನಂದಾ? ನಾನಿನ್ನೂ ಕೆಲಸಕ್ಕೆ ಸೇರಿಲ್ಲ."

ಹುಡುಗಿ ನಕ್ಕಳು. "ಸುಮ್ನಿರಿ ಮೇಡಂ, ತಮಾಷೆ ಮಾಡ್ಬೇಡಿ."

"ತಮಾಷೆ ಯಾಕೆ? ನಿಜವಾಗ್ಲೂ."

"ಮತ್ತೆ ನೀವು ಕಂಪನಿಯವರು, ರಜೆ ದಿನ ಬಂದು ನಮಗೆ ಹೇಳ್ಕೊಡ್ತೀರಿ ಅಂತ ಸರ್ ಹೇಳಿದ್ರಲ್ಲ? ಪುಸ್ತಕದಲ್ಲಿ ನಿಮ್ಮ ಫೋಟೋನೂ ಇದೆ." ಚೀಲದಿಂದ ತರಬೇತಿ ಕೇಂದ್ರದ ಜಾಹೀರಾತಿನ, ನುಣುಪು ಕಾಗದದ ತೆಳು ಪುಸ್ತಕ ತೆಗೆದು ತೋರಿಸಿದಳು. ಮೂರನೆಯ ಪುಟದಲ್ಲಿ ಗುಬ್ಬಿ ನಗುತ್ತಿದ್ದಳು. ಬಿಳಿ ಅಂಗಿ, ಹೆಗಲ ಮೇಲೆ ಎರಡು ಗೆರೆ. ಕೆಳಗೆ ಬರೆದಿತ್ತು: ನಮ್ಮಲ್ಲಿ ಕಲಿತು ಕೆಲಸಕ್ಕೆ ಸೇರಿದವರು.

ಗುಬ್ಬಿ ಆ ಅಂಗಿಯ ಕಾಲರನ್ನು ನೋಡಿದಳು. ಅಕ್ಕನ ಇಸ್ತ್ರಿ ಫೋಟೋದಲ್ಲೂ ಗೊತ್ತಾಗುತ್ತಿತ್ತು.

ಇಬ್ಬರೂ ಹೊರಗಿನ ಸೇತುವೆಗೆ ಬಂದದ್ದೇ ಕೆಳಗಿನಿಂದ ಬುಸ್ಸೆಂದು ಶಬ್ದ ಬಂತು. ಇಣುಕಿ ನೋಡಿದರೆ ಎಣ್ಣೆ ಮಾಮ ನಲ್ಲಿ ತಿರುಗಿಸುತ್ತಿದ್ದ. ಪೆಟ್ಟಿಗೆ ಒಂದೊಂದೇ ಕಾಲು ಮಡಿಸುತ್ತ ದಣಿದ ಪ್ರಾಣಿಯ ಹಾಗೆ ಕುಸಿಯುತ್ತಿತ್ತು.

"ಮಾಮ, ಏನು ಮಾಡ್ತಿದ್ದೀ? ನಾಲ್ಕಕ್ಕೆ ನನ್ನ ಪರೀಕ್ಷೆ ಇದೆ!"

ಎಣ್ಣೆ ಮಾಮ ಕೈ ಒರೆಸಿಕೊಂಡು ಜೇಬಿನಿಂದ ಚೀಟಿ ತೆಗೆದ. "ಗುರುವಾರ ನಾಲ್ಕಕ್ಕೆ ಎಣ್ಣೆ ಇಳಿಸು ಅಂತ ಸೋಮವಾರವೇ ಬರೆದು ಕೊಟ್ಟಿದ್ದಾರಲ್ಲಮ್ಮ. ನಿನಗೆ ಹೇಳಿಲ್ವಾ?" ಆಮೇಲೆ ಅವಳ ಮುಖ ನೋಡಿ ಚೀಟಿಯನ್ನು ಮಡಚಿದ. "ಇಳಿದಿದ್ದನ್ನ ಮತ್ತೆ ಏರಿಸೋಕೆ ಆರು ಗಂಟೆ ಹಿಡಿಯುತ್ತೆ ಕಣಮ್ಮ. ಏರಿಸಿದ್ರೂ ರಾತ್ರಿ ಹತ್ತಕ್ಕೆ ಪರೀಕ್ಷೆ ಮಾಡೋರು ಬೇಕಲ್ಲ."

ಸೋಮವಾರ. ಮಂಗಳವಾರ ಅವಳು ಬಂದು ಇಬ್ಬರಿಗೆ ಎಡಗಡೆ ಕೂತಿದ್ದಳು. ಬುಧವಾರ ಕ್ಯಾಪ್ಟನ್ ಅವಳ ಹೆಗಲು ತಟ್ಟಿ, "ಚೆನ್ನಾಗಿ ನಿದ್ದೆ ಮಾಡ್ಕೊಂಡು ನಾಳೆ ಬಾ ಮಗಳೇ" ಎಂದಿದ್ದರು.

ಕ್ಯಾಪ್ಟನ್ ತಮ್ಮ ಕೋಣೆಯಲ್ಲಿದ್ದರು. ಅವಳು ಬಾಗಿಲು ತಟ್ಟಲಿಲ್ಲ.

"ಸೋಮವಾರವೇ ಗೊತ್ತಿತ್ತಾ ಸರ್?"

ಅವರು ಸುಳ್ಳು ಹೇಳಲು ಹೊರಟವರು, ಯಾಕೋ ಹೇಳಲಿಲ್ಲ. "ಕೂತ್ಕೋ."

"ನಿಂತೇ ಇರ್ತೀನಿ. ಕಂಪನಿ ಎಷ್ಟು ಜನರನ್ನ ತಗೊಂಡಿದೆ ಈ ಎರಡು ವರ್ಷದಲ್ಲಿ?"

"ಒಬ್ಬರನ್ನೂ ಇಲ್ಲ."

"ಒಬ್ಬರನ್ನೂ?"

"ತಗೊಳ್ಳೋ ಅಂದಾಜೂ ಇಲ್ಲ. ಅವರ ಹತ್ತಿರ ಇರೋ ಪೈಲಟ್ಟುಗಳಿಗೇ ಹಾರೋಕೆ ವಿಮಾನ ಇಲ್ಲ." ಕಿಟಕಿಯ ಕಡೆ ನೋಡಿದರು. "ಕಂಪನಿಯವರು ಖರ್ಚು ಕೊಡೋದು ನಿಲ್ಲಿಸಿದ ದಿನದಿಂದ ಈ ಶೆಡ್ಡು ನಡೀತಿರೋದು ನಿಮ್ಮಂಥೋರು ಕೊಡೋದ್ರಿಂದ. ನನ್ನ ಸಂಬಳವೂ ಅದೇ. ಆ ಎಣ್ಣೆಯವನದೂ ಅದೇ."

"ನಮ್ಮನೇಲಿ ಕೂತು ಹೇಳಿದ್ರಲ್ಲ ಸರ್. ನಮ್ಮ ಅಕ್ಕನ ಮುಂದೆ. ಚಹಾ ಕುಡಿದು."

"ಅವತ್ತು ನಾನೂ ನಂಬಿದ್ದೆ ಮಗಳೇ. ಆಮೇಲೆ ನಂಬೋದು ಬಿಟ್ಟೆ. ಹೇಳೋದು ಬಿಡೋಕಾಗಲಿಲ್ಲ."

ಅವಳಿಗೆ ಕೂಗಾಡಬೇಕೆನಿಸಲಿಲ್ಲ. ಎರಡು ವರ್ಷ ಇದೇ ಮನುಷ್ಯನ ದನಿಯನ್ನು ಬೆನ್ನ ಹಿಂದಿನಿಂದ ಕೇಳುತ್ತ, ಅದು ಹೇಳಿದ ಕಡೆಗೆಲ್ಲ ತಿರುಗಿದ್ದಳು. ಅಪ್ಪನನ್ನು ನಂಬಿದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ನಂಬಿದ್ದಳು. ಅದು ಈಗ ನೆನಪಾಗಿ ನಾಚಿಕೆಯಾಯಿತು.

"ಇಲ್ಲಿ ಕೇಳು" ಎಂದರು ಕ್ಯಾಪ್ಟನ್, ದನಿ ಇನ್ನೂ ಮೆತ್ತಗೆ ಮಾಡಿ. "ನಾನು ಸರಿ ಮಾಡ್ತೀನಿ. ರಿಪೇರಿ ಮುಗೀಲಿ. ನಿನ್ನ ರೇಟಿಂಗ್ ಮೊದಲಿನಿಂದ ಮಾಡಿಸ್ಕೊಡ್ತೀನಿ, ಪೂರ್ತಿ ತರಬೇತಿ, ಒಂದು ಕಾಸೂ ಬೇಡ. ಕಾಗದದಲ್ಲಿ ಬರೆದು ಕೊಡ್ತೀನಿ. ಹೊರಗೆ ಆ ತಾಯಿ ಪೆನ್ನು ಹಿಡ್ಕೊಂಡು ಕೂತಿದ್ದಾಳೆ, ಧೈರ್ಯ ಸಾಲ್ತಿಲ್ಲ. ನೀನು ಹೋಗಿ ಪಕ್ಕದಲ್ಲಿ ಕೂತು ಎರಡು ಮಾತಾಡು. ಸುಳ್ಳು ಹೇಳು ಅಂತಿಲ್ಲ. ಸುಮ್ನೆ ಅಂಗಿ ಹಾಕ್ಕೊಂಡು ಕೂತಿದ್ರೂ ಸಾಕು."

ಸುಮ್ಮನೆ ಕೂತಿದ್ದರೂ ಸಾಕು. ಎರಡು ವರ್ಷ ಅವಳು ಮಾಡಿದ ಕೆಲಸ ಯಾವುದು ಎಂದು ಆ ಮಾತಿನಿಂದ ತಿಳಿಯಿತು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸುವ ಬೊಂಬೆಯ ಅಂಗಿಗೂ ಯಾರಾದರೂ ಇಸ್ತ್ರಿ ಹಾಕಲೇಬೇಕಲ್ಲ.

ಹಜಾರಕ್ಕೆ ಬಂದು ತಾಯಿಯ ಪಕ್ಕ ಕೂತಳು. ಕ್ಯಾಪ್ಟನ್ ಎರಡು ಹೆಜ್ಜೆ ಹಿಂದೆ ಬಂದು ನಿಂತರು. ಮೇಜಿನ ಮೇಲೆ ಫಾರಂ, ತಾಯಿಯ ಕೈಯಲ್ಲಿ ಪೆನ್ನು. ಹುಡುಗಿಯ ಮುಖದಲ್ಲಿ ಮಂಜಿನಲ್ಲಿ ಇಳಿಸಿದ ಖುಷಿ ಇನ್ನೂ ಆರಿರಲಿಲ್ಲ.

"ಹೇಗೆ ಮಾಡಿದ್ಳಮ್ಮ?"

"ತುಂಬಾ ಚೆನ್ನಾಗಿ. ನನಗಿಂತ ಚೆನ್ನಾಗಿ ಇಳಿಸಿದ್ಳು" ಎಂದಳು ಗುಬ್ಬಿ. "ಆದ್ರೆ ನಾನು ಕಂಪನಿಯವಳಲ್ಲ. ಯಾವತ್ತೂ ಆಗಿರಲಿಲ್ಲ. ಈ ಅಂಗಿ ಇವರು ಕೊಟ್ಟಿದ್ದು. ನಾನೂ ನಿಮ್ಮ ಮಗಳ ಹಾಗೆ ಖರ್ಚು ಮಾಡಿ ಕಲಿತು ಕಾಯ್ತಾ ಇರೋಳು. ನನ್ನ ಸರ್ಟಿಫಿಕೇಟು ಇವತ್ತಿಗೆ ಮುಗೀತು. ಎರಡು ವರ್ಷದಿಂದ ಒಬ್ಬರಿಗೂ ಕೆಲಸ ಸಿಕ್ಕಿಲ್ಲ."

ತಾಯಿ ಪೆನ್ನನ್ನು ಫಾರಮಿನಿಂದ ಮೇಲೆತ್ತಿ ಹಿಡಿದಳು.

ಕ್ಯಾಪ್ಟನ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದರು: "ಪಾಪ, ಬೇಜಾರಾಗಿದೆ ಅವಳಿಗೆ. ಕೊನೇ ದಿನ ಪರೀಕ್ಷೆ ತಪ್ಪಿಹೋಯ್ತು. ಮನಸ್ಸಿಗೆ ಹಚ್ಕೊಂಡು ಏನೇನೋ ಮಾತಾಡ್ತಿದ್ದಾಳೆ. ಒಬ್ಬರಿಗಾಗಿಲ್ಲ ಅಂತ ಇನ್ನೊಬ್ಬರಿಗೂ ಆಗಬಾರದಾ?"

ಹುಡುಗಿ ಎದ್ದು ನಿಂತಳು. ಸಿಟ್ಟು ಬಂದದ್ದು ಕ್ಯಾಪ್ಟನ್ನರ ಮೇಲಲ್ಲ. "ಮೊದಲನೇ ದಿನ ಯಾಕೆ ಹೇಳಲಿಲ್ಲ ಮೇಡಂ? ಪುಸ್ತಕದಲ್ಲಿ ನಿಮ್ಮನ್ನ ನೋಡೇ ಅಲ್ವಾ ನಮ್ಮಮ್ಮ ಮೊದಲನೇ ಅರ್ಧಕ್ಕೆ ಒಪ್ಪಿದ್ದು? ಪಕ್ಕದಲ್ಲೇ ಕೂತು 'ನಾನಿದ್ದೀನಿ' ಅಂದ್ರಲ್ಲ. ನೀವೂ ಇವರ ಜೊತೆ ಸೇರ್ಕೊಂಡಿದ್ರಿ."

"ನನಗೆ ಗೊತ್ತಿರಲಿಲ್ಲ" ಎಂದು ಹೇಳಬಹುದಿತ್ತು. ಗುಬ್ಬಿಯ ನಾಲಗೆ ತುದಿಗೆ ಬಂದದ್ದು ಮಾತ್ರ ಹಿಂದೊಮ್ಮೆ ಇದೇ ಹಜಾರದಲ್ಲಿ ಯಾರದೋ ತಂದೆಗೆ ಹೇಳಿದ "ಹ್ಞೂಂ, ಇನ್ನೇನು."

"ಹೌದು" ಎಂದಳು. "ಸೇರ್ಕೊಂಡಿದ್ದೆ. ಗೊತ್ತಿಲ್ಲದೆ ಸೇರ್ಕೊಂಡಿದ್ದೆ. ಆದ್ರೆ ಕೇಳು. ನೀನಿನ್ನೂ ಆ ವೇಗ ದಾಟಿಲ್ಲ. ಅರ್ಧ ರಸ್ತೆ ಮುಂದಿದೆ. ನಿಲ್ಲಿಸಬಹುದು. ಎಡಗಡೆ ಕೂತಿರೋಳು ನಾನು, ಈ ಮಾತು ಹೇಳಬೇಕಾದೋಳು ನಾನೇ. ನಿಲ್ಲಿಸು."

"ನಾನು ನಿಲ್ಲಿಸಲ್ಲ. ಅಮ್ಮಾ, ನೀನು ಸಹಿ ಹಾಕು."

ತಾಯಿ ಫಾರಮನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಗುಬ್ಬಿಯ ಹೆಗಲನ್ನು ನೋಡಿದಳು, ಕ್ಯಾಪ್ಟನ್ನರ ಮುಖವನ್ನು ನೋಡಿದಳು. ಮೂವತ್ತು ವರ್ಷ ಜನರ ತಲೆಯ ಹಿಂದೆ ನಿಂತು, ಕನ್ನಡಿಯಲ್ಲಿ ಅವರ ಮುಖ ನೋಡುತ್ತ ಅವರವರ ಕಥೆ ಕೇಳಿದ ಹೆಂಗಸು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಕನ್ನಡಕ ಮರೆತು ಬಂದಿದ್ದೀನಿ. ಓದದೆ ನಾನು ಸಹಿ ಹಾಕಲ್ಲ."

"ನಾನೇ ಓದಿ ಹೇಳ್ತೀನಮ್ಮ" ಎಂದರು ಕ್ಯಾಪ್ಟನ್.

"ನೀವು ಓದಿದ್ದನ್ನ ಒಂದ್ಸಲ ಕೇಳಿಸ್ಕೊಂಡಾಯ್ತು. ಈ ಸಲ ನಾನೇ ಓದ್ತೀನಿ. ಏಳೇ."

ಹುಡುಗಿ ಗುಬ್ಬಿಯತ್ತ ನೋಡದೆ ಹೋದಳು. ಬಾಗಿಲು ಮುಚ್ಚುವಾಗ ತಾಯಿಯೊಡನೆ ಜಗಳವಾಡುತ್ತಿದ್ದ ಅವಳ ದನಿ ಕೇಳಿಸಿತು. ಅದರಲ್ಲಿ ಅಳು ಬೆರೆತಿತ್ತು. ನಾಳೆ ಕನ್ನಡಕ ತಂದು ಸಹಿ ಹಾಕುತ್ತಾರೋ, ಬರುವುದೇ ಇಲ್ಲವೋ ಯಾರಿಗೆ ಗೊತ್ತು.

ಗುಬ್ಬಿ ಹೆಗಲ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದು ಫಾರಮಿನ ಮೇಲಿಟ್ಟಳು. "ನಿನ್ನನ್ನ ನನ್ನ ಮಗಳ ಹಾಗೆ ನೋಡ್ಕೊಂಡೆ" ಎಂದರು ಕ್ಯಾಪ್ಟನ್, ನಿಜವಾಗಿಯೂ ನೊಂದವರಂತೆ.

"ನಿಮ್ಮ ಮಗಳು ಏನು ಓದ್ತಿದ್ದಾಳೆ ಸರ್?"

ಅವರು ತಡೆದು ಹೇಳಿದರು: "ಬ್ಯಾಂಕಿನಲ್ಲಿದ್ದಾಳೆ."

"ಒಳ್ಳೇದಾಯ್ತು" ಎಂದು ಅವಳು ಹೊರಟಳು.

ಬಸ್ಸಿನಲ್ಲಿ ಮುಂದಿನ ಕಿಟಕಿಯ ಸೀಟು ಖಾಲಿಯಿತ್ತು. ಕೂತಳು. ಯಾವ ನಿಲ್ದಾಣದ ಹೆಸರೂ ಬಾಯಿಗೆ ಬರಲಿಲ್ಲ. ಇಳಿಯಬೇಕಾದ ಕಡೆ ಇಳಿಯದೆ ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು. ದಾರಿಯಲ್ಲಿ, ಅಕ್ಕ ನೋಡಿಟ್ಟಿದ್ದ ಕೋಣೆಯಲ್ಲಿ, ಬೀಗದ ಕೈಯವನ ಅಂಗಡಿ ಸಿಕ್ಕಿತು. ಎರಡು ವರ್ಷ ಆ ಕಡೆ ನೋಡದೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಇವತ್ತು ನಿಂತು ನೋಡಿದಳು. ಕೋಣೆ ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಸಣ್ಣದಿತ್ತು, ಬೆಳಕು ಚೆನ್ನಾಗಿತ್ತು.

ಮನೆಯಲ್ಲಿ ಅಕ್ಕ ಇಸ್ತ್ರಿ ಪೆಟ್ಟಿಗೆ ಕಾಯಿಸುತ್ತಿದ್ದಳು. ಅಪ್ಪ ಕಿಟಕಿಯ ಹತ್ತಿರ ಕೂತಿದ್ದ. ಇಬ್ಬರೂ ಅವಳ ಮುಖ ನೋಡಿ, ಆಮೇಲೆ ಹೆಗಲು ನೋಡಿದರು.

ಅವಳು ಎಲ್ಲವನ್ನೂ ಹೇಳಿದಳು. ಪೆನ್ಸಿಲಿನ ಹೆಸರು, ಸೋಮವಾರದ ಚೀಟಿ, ಮೂರನೆಯ ಪುಟದ ಫೋಟೋ. ಕೇಳಿ ಮುಗಿದ ಮೇಲೆ ಅಕ್ಕನ ಬಾಯಿಂದ ಬಂದದ್ದು ಇಷ್ಟೇ: "ಎರಡು ವರ್ಷ ಆ ಅಂಗಿಗೆ ಇಸ್ತ್ರಿ ಹಾಕ್ದೆನಲ್ಲೇ." ಅದನ್ನೇ ಇನ್ನೊಮ್ಮೆ ಹೇಳಿದಳು. "ಕಾಲರು ಮುದುರಬಾರದು ಅಂತ ಒದ್ದೆ ಬಟ್ಟೆ ಇಟ್ಟು ಇಟ್ಟು ಹಾಕ್ದೆನಲ್ಲೇ."

ಗುಬ್ಬಿ ಅಕ್ಕನ ಕೈ ಹಿಡಿಯಲು ಹೋದಳು. ಅಕ್ಕ ಕೈ ಕೊಡಲಿಲ್ಲ, ಇಸ್ತ್ರಿ ಪೆಟ್ಟಿಗೆಯ ವಯರನ್ನು ಕಿತ್ತು ಸುತ್ತತೊಡಗಿದಳು.

ಅಪ್ಪ ಕಿಟಕಿಯಿಂದ ಈಚೆ ತಿರುಗಿ ಕೇಳಿದ: "ಆ ತಾಯಿ ಮಗಳು? ಇಳಿದ್ರಾ?"

"ಗೊತ್ತಿಲ್ಲಪ್ಪ. ಹುಡುಗಿಗೆ ನನ್ನ ಮೇಲೆ ಕೆಂಡದಂಥ ಸಿಟ್ಟು."

"ನೀನು ಬೆಲ್ಲು ಹೊಡೆದೆ ತಾನೇ? ಇಳಿಯೋದು ಬಿಡೋದು ಕೂತೋರಿಗೆ ಬಿಟ್ಟಿದ್ದು." ತಡೆದು ಸೇರಿಸಿದ: "ನಿಲ್ಲಿಸೋಕಾಗಲ್ಲ ಅಂತ ಅವನು ಹೇಳಿದ ದಿನವೇ ನಾನು ಎದ್ದು ಬಾಗಿಲು ತೋರಿಸಬೇಕಿತ್ತು. ಬ್ರೇಕಿಲ್ಲದ ಗಾಡಿನ ಯಾವ ಡ್ರೈವರೂ ಡಿಪೋದಿಂದ ಹೊರಗೆ ತೆಗೆಯಲ್ಲ. ನಂಗೆ ಅದು ಗೊತ್ತಿತ್ತು. ಮಗಳ ಕನಸು ಅಂತ ಬಾಯಿಗೆ ಬೀಗ ಹಾಕ್ಕೊಂಡೆ."

"ಆ ತಾಯಿ ಸಹಿ ಹಾಕಲಿಲ್ಲ" ಎಂದಳು ಗುಬ್ಬಿ. "ಕನ್ನಡಕ ಮರೆತಿದ್ದೀನಿ ಅಂದ್ಳು."

ಅಕ್ಕ ವಯರು ಸುತ್ತುತ್ತಿದ್ದ ಕೈ ನಿಲ್ಲಿಸಿದಳು. "ಹತ್ತಿರದ್ದು ಕಾಣಲ್ವಾ, ದೂರದ್ದಾ?"

"ಫಾರಂ ದೂರ ಹಿಡಿದು ನೋಡಿದ್ಳು."

"ಹಾಗಾದ್ರೆ ಹತ್ತಿರದ್ದು." ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿಯೇ ಬಂದಿತ್ತು. ಹೇಳಿದ ಮೇಲೆ ಅವಳಿಗೇ ಅಳುವೋ ನಗುವೋ ತಿಳಿಯದಂಥದ್ದೊಂದು ಉಕ್ಕಿ, ಸ್ಟೂಲಿನ ಅಂಚಿಗೆ ಕೂತಳು. ಕೂತವಳು ಚಾದರದ ಒಂದು ಮೂಲೆ ಹಿಡಿದು ಎಳೆದಳು. ಕೆಳಗಿನ ಪ್ಲೈವುಡ್ಡಿನ ಮೇಲೆ ಎರಡು ವರ್ಷದ ಬಿಸಿಗೆ ಕಂದಿದ ಗುರುತುಗಳಿದ್ದವು.

ಗುಬ್ಬಿ ಆ ತುದಿ ಹಿಡಿದಳು. ಇಬ್ಬರೂ ಸೇರಿ ಬೋರ್ಡನ್ನು ಎತ್ತಿ ತಿರುಗಿಸಿದರು. ನೀಲಿ ಅಕ್ಷರಗಳು ಅಲ್ಲಲ್ಲಿ ಉಬ್ಬಿ ಒಡೆದಿದ್ದವು. ಕನ್ನಡಕದ ಚಿತ್ರದಲ್ಲಿ ಒಂದು ಗಾಜು ಉಳಿದಿತ್ತು.